ಇಸ್ತಾಂಬುಲ್‌ನಲ್ಲಿ ಒಂದು ದಿನ: ಯಾವಾಗ ಏನು ಕುಡಿಯಬೇಕು?

ಪ್ರಶ್ನೆ: ಚಳಿಗಾಲದಲ್ಲಿ ಇಸ್ತಾಂಬುಲ್‌ಗೆ ಹೊರಟಿದ್ದೇವೆ. ಒಂದು ದಿನ ಆರಾಮಾಗಿ ಸುತ್ತಾಡಿ ಅಲ್ಲಿನ ಪಾನೀಯಗಳ ರುಚಿ ನೋಡುವ ಆಸೆ. ಎಲ್ಲವನ್ನೂ ಒಂದೇ ದಿನ ಕುಡಿಯಬಹುದೇ?

ಒಂದನ್ನು ಬಿಟ್ಟು ಉಳಿದದ್ದೆಲ್ಲ ಕುಡಿಯಬಹುದು, ಆದರೆ ಕ್ರಮ ತಪ್ಪಿದರೆ ಹೊಟ್ಟೆ ಮಧ್ಯಾಹ್ನಕ್ಕೇ ಕೈಕೊಡುತ್ತದೆ. ತೆಳುವಾದದ್ದು ಬೆಳಗ್ಗೆ, ಗಟ್ಟಿಯಾದದ್ದು ಸಂಜೆ ಎಂದಿಟ್ಟುಕೊಳ್ಳಿ.

ಏಷ್ಯಾ ದಡದ ಕಡಿಕೊಯ್‌ನಿಂದ ಯುರೋಪ್ ದಡದ ಎಮಿನೊನುಗೆ ಫೆರಿ ಹತ್ತಿ. ಇಸ್ತಾಂಬುಲ್‌ಕಾರ್ಟ್ (ಊರಿನ ಸಾರಿಗೆ ಕಾರ್ಡ್) ಇದ್ದರೆ ಟಿಕೆಟ್ಟಿನ ರಗಳೆಯಿಲ್ಲ. ದಾಟಲು ಸುಮಾರು 20 ನಿಮಿಷ, ಒಂದು ಲೋಟ ಚಹಾಕ್ಕೆ ಸರಿಯಾದ ಹೊತ್ತು. ಹಾಲು ಹಾಕುವುದಿಲ್ಲ. ಗಟ್ಟಿ ಡಿಕಾಕ್ಷನ್‌ಗೆ ಕುದಿನೀರು ಬೆರೆಸುತ್ತಾರೆ. ಒಗರೆನಿಸಿದರೆ ಮುಂದಿನ ಅಂಗಡಿಯಲ್ಲಿ ‘ಅಚಿಕ್’ ಎಂದು ಕೇಳಿ, ತೆಳುವಾಗಿ ಕೊಡುತ್ತಾರೆ. ಲೋಟಕ್ಕೆ ಹಿಡಿ ಇರದು. ಮೇಲಿನ ಅಂಚು ಹಿಡಿದರೆ ಬೆರಳು ಸುಡುವುದಿಲ್ಲ.

ದಡಕ್ಕಿಳಿದ ಮೇಲೆ ಕಾಫಿ. ಸಕ್ಕರೆಯನ್ನು ಕುದಿಸುವಾಗಲೇ ಹಾಕುವುದರಿಂದ ಮೊದಲೇ ಹೇಳಬೇಕು: ಬೇಡವೆಂದರೆ ‘ಸಾದೆ’ (ನಮ್ಮ ‘ಸಾದಾ’ ಇದೇ ಪದ), ಹದವಾಗಿ ಬೇಕೆಂದರೆ ‘ಓರ್ತಾ’. ಬಂದ ಕೂಡಲೇ ಗುಟುಕರಿಸಬೇಡಿ, ಕದಡಲೂಬೇಡಿ. ಎರಡು ನಿಮಿಷ ಬಿಟ್ಟರೆ ಚರಟ ತಳಕ್ಕಿಳಿಯುತ್ತದೆ. ಅದು ತುಟಿಗೆ ಸಿಗುವಷ್ಟರಲ್ಲಿ ಕಪ್ ಕೆಳಗಿಡಿ.

ಎಮಿನೊನುವಿನಿಂದ ಸುಲೇಮಾನಿಯೆ ಮಸೀದಿಗೆ ಏರುದಾರಿ. ವಾಸ್ತುಶಿಲ್ಪಿ ಸಿನಾನ್ 1557ರಲ್ಲಿ ಮುಗಿಸಿದ ಕಟ್ಟಡ. ಹಿಂದಿನ ಅಂಗಳದಿಂದ ಗೋಲ್ಡನ್ ಹಾರ್ನ್ ಎಂಬ ಕಡಲ ಒಳಚಾಚು ಕಾಣುತ್ತದೆ. ನಮಾಜಿನ ವೇಳೆ ಪ್ರವಾಸಿಗರಿಗೆ ಪ್ರವೇಶವಿಲ್ಲ, ಹಾಗಾಗಿ ಶುಕ್ರವಾರ ಮಧ್ಯಾಹ್ನ ಬೇಡ. ಎದುರಿನ ಹೋಟೆಲುಗಳಲ್ಲಿ ಬಿಳಿ ಹುರುಳಿಕಾಯಿ ಬೀಜದ ಊಟಕ್ಕೆ ಆಯ್ರಾನ್ ತೆಗೆದುಕೊಳ್ಳಿ. ಉಪ್ಪು ಹಾಕಿದ ಮಜ್ಜಿಗೆಯೇ, ಒಗ್ಗರಣೆಯಿಲ್ಲ ಅಷ್ಟೆ.

ಸಂಜೆ ಬೋಜಾ. ಮಸೀದಿಯಿಂದ ಸ್ವಲ್ಪ ನಡೆದರೆ ವೆಫಾ ಬಡಾವಣೆಯಲ್ಲಿ 1876ರ ಬೋಜಾ ಅಂಗಡಿಯಿದೆ. ಸಿರಿಧಾನ್ಯ ಬೇಯಿಸಿ, ಸೋಸಿ, ಹುಳಿಬರಿಸಿದ ಈ ಪಾನೀಯ ಅಂಬಲಿಗಿಂತ ಗಟ್ಟಿ, ಹುಳಿ-ಸಿಹಿ. ಮೇಲೆ ದಾಲ್ಚಿನ್ನಿ ಪುಡಿ, ಹುರಿದ ಕಡಲೆ. ಕಡಲೆಯನ್ನು ತಕ್ಷಣ ಹಾಕಿಕೊಳ್ಳಿ, ನೆನೆದರೆ ಕುರುಕು ಹೋಗುತ್ತದೆ. ಮೊದಲ ಗುಟುಕು ವಿಚಿತ್ರವೆನಿಸೀತು, ಮೂರನೆಯದಕ್ಕೆ ನಾಲಿಗೆ ಒಗ್ಗುತ್ತದೆ. ಒಂದು ಲೋಟ ಅರ್ಧ ಊಟಕ್ಕೆ ಸಮ. ಇಬ್ಬರು ಹಂಚಿಕೊಂಡರೂ ಸಾಕು. ಹುಳಿಬರಿಸಿದ್ದರಿಂದ ಮದ್ಯಾಂಶ ಅತ್ಯಲ್ಪವಾದರೂ ಇರುತ್ತದೆ, ಪೂರ್ತಿ ದೂರವಿಡುವವರಿಗೆ ಇದು ಗೊತ್ತಿರಲಿ. ಬಾಟಲಿಯಲ್ಲಿ ಊರಿಗೆ ತರುವ ಯೋಚನೆ ಬೇಡ: ಹುಳಿಯುವುದು ನಿಲ್ಲುವುದಿಲ್ಲ, ಅನಿಲ ತುಂಬಿ ಮುಚ್ಚಳ ಹಾರೀತು. ಸೆಖೆಗಾಲದಲ್ಲಿ ಬೇಗ ಕೆಡುವುದರಿಂದಲೇ ಇದು ಚಳಿಗಾಲದ ಪಾನೀಯವಾಯಿತು.

ಉಳಿದದ್ದು ಸಾಲೆಪ್, ಬಿಸಿ ಹಾಲಿನ ಗಂಜಿಯಂಥದ್ದು. ಬೋಜಾದ ದಿನವೇ ಬೇಡ, ಮರುದಿನಕ್ಕಿರಲಿ. ಅಸಲಿ ಸಾಲೆಪ್ ಕಾಡು ಆರ್ಕಿಡ್ ಗೆಡ್ಡೆಯ ಪುಡಿ. ಗೆಡ್ಡೆ ಅಗೆದೂ ಅಗೆದೂ ಆ ಗಿಡಗಳೇ ವಿರಳವಾಗಿವೆ, ಟರ್ಕಿ ಅದರ ರಫ್ತನ್ನೇ ನಿಷೇಧಿಸಿದೆ. ಬೀದಿಬದಿಯಲ್ಲಿ ಹೆಚ್ಚಾಗಿ ಸಿಗುವುದು ಪಿಷ್ಟದಿಂದ ಗಟ್ಟಿ ಮಾಡಿದ್ದು. ಅದನ್ನೇ ಕುಡಿಯಿರಿ; ‘ಅಸಲಿ ಪುಡಿ’ ಎಂದು ಯಾರಾದರೂ ಪೊಟ್ಟಣ ಮಾರಲು ಬಂದರೆ ಕೊಳ್ಳಬೇಡಿ.