ಪ್ರವಾಹ ಬಯಲು ವಲಯೀಕರಣ: ಗೆರೆ ಎಳೆಯುವಾಗ ಊರಿನವರೂ ಇರಬೇಕು

ಹೊಳೆ ವರ್ಷದ ಹೆಚ್ಚಿನ ದಿನ ಹರಿಯುವ ಜಾಗ ಅದರ ಪಾತ್ರ. ಮಹಾಪೂರ ಬಂದಾಗ ನೀರು ದಂಡೆ ದಾಟಿ ಹರಡಿಕೊಳ್ಳುವ ಅಕ್ಕಪಕ್ಕದ ತಗ್ಗು ನೆಲ ಪ್ರವಾಹ ಬಯಲು. ನಮ್ಮ ಕಡೆ ಹೊಳೆಸಾಲಿನ ನೆಲ ಎಂದು ಕರೆಯುವುದರ ಬಹುಭಾಗ ಇದೇ. ನೀರು ಎಷ್ಟು ಎತ್ತರಕ್ಕೆ, ಎಷ್ಟು ಸಲ ಏರುತ್ತದೆ ಎಂಬುದನ್ನು ನೋಡಿ ಈ ಬಯಲನ್ನು ವಲಯಗಳಾಗಿ ವಿಂಗಡಿಸುತ್ತಾರೆ. ಯಾವ ವಲಯದಲ್ಲಿ ಏನನ್ನು ಕಟ್ಟಬಹುದು, ಏನನ್ನು ಕಟ್ಟಕೂಡದು, ಕಟ್ಟಿದರೆ ಎಷ್ಟು ಎತ್ತರದ ಅಡಿಪಾಯ ಬೇಕು ಎಂದು ನಿಯಮ ಮಾಡುತ್ತಾರೆ. ಇದಕ್ಕೆ ಪ್ರವಾಹ ಬಯಲು ವಲಯೀಕರಣ ಎಂದು ಹೆಸರು.

ಕೇಂದ್ರ ಸರ್ಕಾರ ಇದಕ್ಕಾಗಿ ಮಾದರಿ ಮಸೂದೆಯೊಂದನ್ನು 1975ರಲ್ಲೇ ರಾಜ್ಯಗಳಿಗೆ ಕಳುಹಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಕೆಲವೇ ರಾಜ್ಯಗಳು ಅದನ್ನು ಕಾಯ್ದೆಯಾಗಿಸಿದವು. ಕರ್ನಾಟಕದ ಊರುಗಳಲ್ಲಿ ಈ ಕೆಲಸಕ್ಕೆ ಕೈಗೆ ಸಿಗುವ ಮುಖ್ಯ ಸಾಧನ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಅದರ ಅಡಿಯಲ್ಲಿ ತಯಾರಾಗುವ ಮಹಾಯೋಜನೆ (ಮಾಸ್ಟರ್ ಪ್ಲಾನ್) ಮತ್ತು ವಲಯ ನಿಯಮಾವಳಿ.

ವಲಯಗಳನ್ನು ಗುರುತಿಸುವ ಲೆಕ್ಕ ಹೀಗಿದೆ. ಹತ್ತು ವರ್ಷಕ್ಕೊಮ್ಮೆ ಬರಬಹುದಾದ ನೀರಿನ ಮಟ್ಟದೊಳಗಿನ ನೆಲವನ್ನು ಉದ್ಯಾನ, ಆಟದ ಮೈದಾನಗಳಿಗೆ ಬಿಡಬೇಕು. ಮನೆ, ಕಚೇರಿಗಳು ಇಪ್ಪತ್ತೈದು ವರ್ಷದ ಪ್ರವಾಹದ ಮಟ್ಟಕ್ಕಿಂತ ಮೇಲಿರಬೇಕು. ಆಸ್ಪತ್ರೆ, ವಿದ್ಯುತ್ ಕೇಂದ್ರ, ನೀರು ಸರಬರಾಜು ಘಟಕದಂಥವು ನೂರು ವರ್ಷದ ಪ್ರವಾಹದ ಮಟ್ಟಕ್ಕಿಂತಲೂ ಮೇಲಿರಬೇಕು. ನೂರು ವರ್ಷದ ಪ್ರವಾಹವೆಂದರೆ ಒಮ್ಮೆ ಬಂದು ಹೋದ ಮೇಲೆ ನೂರು ವರ್ಷ ತಿರುಗಿ ನೋಡದು ಎಂದು ನೆಮ್ಮದಿಪಡುವವರಿದ್ದಾರೆ. ಅದು ಅಪಾಯಕಾರಿ ತಿಳಿವಳಿಕೆ. ಯಾವುದೇ ಒಂದು ವರ್ಷ ಅಷ್ಟು ನೀರು ಬರುವ ಸಾಧ್ಯತೆ ನೂರಕ್ಕೆ ಒಂದು ಎಂಬುದಷ್ಟೇ ಅದರ ಅರ್ಥ. ಈ ವರ್ಷ ಬಂದದ್ದು ಮುಂದಿನ ವರ್ಷವೂ ಬರಬಹುದು. ಇಪ್ಪತ್ತೈದು ವರ್ಷದ ಪ್ರವಾಹದ ಮಟ್ಟದಲ್ಲಿ ಮನೆ ಕಟ್ಟಿ ಮೂವತ್ತು ವರ್ಷ ಬಾಳಿದರೆ, ಒಮ್ಮೆಯಾದರೂ ನೀರು ಒಳನುಗ್ಗುವ ಸಾಧ್ಯತೆ ನೂರಕ್ಕೆ ಎಪ್ಪತ್ತರಷ್ಟಾಗುತ್ತದೆ.

ಈ ಮಟ್ಟಗಳನ್ನು ಹಳೆಯ ದಾಖಲೆಗಳಿಂದ ಲೆಕ್ಕ ಹಾಕುತ್ತಾರೆ. ದಾಖಲೆ ಹಿಡಿದ ಕಾಲದಲ್ಲಿ ಹೊಳೆ ಸೊರಗಿದ್ದರೆ ನಕ್ಷೆಯಲ್ಲಿ ಎಳೆಯುವ ವಲಯದ ಗೆರೆಯೂ ತಪ್ಪಾಗುತ್ತದೆ. ಮಲಪ್ರಭೆ ಇದಕ್ಕೆ ದೊಡ್ಡ ಪಾಠ. 1970ರ ದಶಕದಲ್ಲಿ ಸವದತ್ತಿ ಬಳಿ ನವಿಲುತೀರ್ಥ ಅಣೆಕಟ್ಟೆ ಬಂದ ಮೇಲೆ ನೀರು ಕಾಲುವೆಗಳಿಗೆ ತಿರುಗಿತು. ಕೆಳಗಿನ ಹೊಳೆ ವರ್ಷಾನುಗಟ್ಟಲೆ ಬಡಕಲಾಗಿಯೇ ಹರಿಯಿತು. ಪಾತ್ರದಂಚಿನವರೆಗೂ ಕಬ್ಬು, ಜೋಳ ಬಂದವು. ಹೊಳೆಯ ನಿಜವಾದ ಅಗಲ ಎಷ್ಟಿತ್ತೆಂಬುದು ಹಿರಿಯರ ನೆನಪಿನಲ್ಲಿ ಮಾತ್ರ ಉಳಿಯಿತು. 2009ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಅಣೆಕಟ್ಟೆ ತುಂಬಿ ನೀರು ಬಿಟ್ಟಾಗ ಮಲಪ್ರಭೆ ತನ್ನ ಹಳೆಯ ಅಗಲವನ್ನೆಲ್ಲ ಕೇಳಿ ಪಡೆಯಿತು. ರಾಮದುರ್ಗದ ಓಣಿಗಳು ಮುಳುಗಿದವು, ಬಾದಾಮಿ ತಾಲ್ಲೂಕಿನ ಹಳ್ಳಿಗಳು ಮುಳುಗಿದವು, ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೂ ನೀರು ಬಂತು. ಆ ಹಿರಿಯರನ್ನು ಕೇಳದೆ ಎಳೆದ ಗೆರೆಯನ್ನು ನಾನು ನಂಬಲಾರೆ.

ಬೆಳಗಾವಿ ನಗರದೊಳಗೆ ದೊಡ್ಡ ಹೊಳೆ ಇಲ್ಲ. ಆದ್ದರಿಂದ ಪ್ರವಾಹ ಬಯಲು ಎಂಬ ಮಾತು ಗೋಕಾಕಕ್ಕೆ, ಚಿಕ್ಕೋಡಿಗೆ ಸೇರಿದ್ದೆಂದು ನಗರದವರು ಭಾವಿಸುವುದುಂಟು. ಶಹಾಪುರ, ವಡಗಾವಿ, ಅನಗೋಳದ ರೈತರನ್ನು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ. ಬಳ್ಳಾರಿ ನಾಲಾ ಎಂಬ ಹಳ್ಳ ಉಕ್ಕಿದ ಮಳೆಗಾಲಗಳಲ್ಲಿ ಅಲ್ಲಿನ ಭತ್ತದ ಗದ್ದೆಗಳು ನೀರಿನಡಿ ಕೊಳೆಯುತ್ತವೆ. ನಾಲೆಯಲ್ಲಿ ಹೂಳು, ದಂಡೆಯಲ್ಲಿ ಒತ್ತುವರಿ, ಜೊತೆಗೆ ನೀರಿಗೆ ಅಡ್ಡವಾಗಿ ಏರಿದ ರಸ್ತೆ. ಗದ್ದೆಯೊಂದು ಪ್ಲಾಟಾಗಿ ಮಣ್ಣು ತುಂಬಿಸಿಕೊಂಡಾಗ ಅಲ್ಲಿ ನಿಲ್ಲುತ್ತಿದ್ದ ನೀರು ಪಕ್ಕದ ಗದ್ದೆಗೋ, ಮುಂದಿನ ಬಡಾವಣೆಗೋ ಹೋಗುತ್ತದೆ. ಎಷ್ಟು ಹೊತ್ತಿನ ಮಳೆಗೆ ಯಾವ ಒಡ್ಡು ಮೊದಲು ತುಂಬುತ್ತದೆ, ಯಾವ ಮೋರಿಯಲ್ಲಿ ನೀರು ಹಿಂದಕ್ಕೆ ಒತ್ತುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎಂಬುದು ಬೇಸಿಗೆಯಲ್ಲಿ ನಡೆಯುವ ಸರ್ವೆಗೆ ಕಾಣುವುದಿಲ್ಲ. ಅದು ಆ ಗದ್ದೆಯಲ್ಲಿ ನಿಂತವರಿಗೆ ಗೊತ್ತು. ವಿಜಯಪುರ ಜಿಲ್ಲೆಯ ತಾಳಿಕೋಟೆಯಲ್ಲಿ ಡೋಣಿಯದೂ ಇದೇ ಕಥೆ: ಹೂಳು ತುಂಬಿದ ನದಿಗೆ ಉಕ್ಕಲು ಹೆಚ್ಚು ಮಳೆ ಬೇಕಿಲ್ಲ.

ಬಾಗಲಕೋಟೆಯವರಿಗೆ ಮಾತ್ರ ನಕ್ಷೆಯ ಮೇಲಿನ ಗೆರೆಯ ತೂಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿ ಅಣೆಕಟ್ಟೆಯಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರ್, ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಒಪ್ಪಿದ ಮಟ್ಟ 524.256 ಮೀಟರ್ ಎಂಬ ಅಂಕಿಗಳನ್ನು ಅಲ್ಲಿ ಚಹಾದಂಗಡಿಯಲ್ಲೂ ಮಾತನಾಡುತ್ತಾರೆ. ಹಳೆಯ ಊರಿನ ಎಷ್ಟೋ ಮನೆಗಳು ಹಿನ್ನೀರಿನ ಕಾರಣ ನವನಗರಕ್ಕೆ ಹೋದವು. ಗೆರೆ ಮನೆಯ ಮೇಲೆ ಬಿದ್ದ ಮೇಲೆ ತಿಳಿಯುವುದಕ್ಕೂ, ಗೆರೆ ಎಳೆಯುವ ಮೊದಲು ಕೇಳಿಸಿಕೊಳ್ಳುವುದಕ್ಕೂ ಇರುವ ಅಂತರ ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು.

ಕಾನೂನಿನಲ್ಲಿ ಕೇಳಿಸಿಕೊಳ್ಳುವ ಜಾಗ ಇದೆ. ಯೋಜನಾ ಪ್ರಾಧಿಕಾರವು ಕರಡು ಮಹಾಯೋಜನೆಯನ್ನು ಪ್ರಕಟಿಸಿದ ಮೇಲೆ ಸಾರ್ವಜನಿಕರ ಅಭಿಪ್ರಾಯಕ್ಕೆ ಅರವತ್ತು ದಿನ ಕೊಡಬೇಕು. ಬಂದ ಅಭಿಪ್ರಾಯಗಳನ್ನು ಪರಿಶೀಲಿಸಿ, ತಿದ್ದುಪಡಿಗಳೊಂದಿಗೆ ಸರ್ಕಾರಕ್ಕೆ ಕಳುಹಿಸಬೇಕು. ಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಹೊಸ ಸಮೀಕ್ಷೆ ನಡೆಸಿ ಪರಿಷ್ಕರಿಸಬೇಕು. ಅಮೆರಿಕದಲ್ಲಿ ಪ್ರವಾಹ ನಕ್ಷೆಯ ಮಟ್ಟ ಬದಲಾದಾಗ ಮೇಲ್ಮನವಿಗೆ ತೊಂಬತ್ತು ದಿನ ಇದೆ, ಆದರೆ ಅದಕ್ಕೆ ತಾಂತ್ರಿಕ ಪುರಾವೆ ಬೇಕು. ನಮ್ಮಲ್ಲಿ ಸಾಮಾನ್ಯ ನಿವಾಸಿಯೂ ತನ್ನ ಮಾತನ್ನು ಬರೆದು ಕೊಡಬಹುದು. ಇದು ಸಣ್ಣ ಅನುಕೂಲವಲ್ಲ. ಆದರೆ ನಕ್ಷೆ ಕಚೇರಿಯ ಗೋಡೆಯ ಮೇಲೆಯೇ ಉಳಿದರೆ, ಅದರಲ್ಲಿ ತನ್ನ ಓಣಿಯನ್ನು ಹುಡುಕಲಾಗದಷ್ಟು ಸಣ್ಣದಾಗಿದ್ದರೆ, ಅರವತ್ತು ದಿನ ಸುಮ್ಮನೆ ಕಳೆದುಹೋಗುತ್ತವೆ. ನಕ್ಷೆ ವಾರ್ಡಿಗೆ ಬರಬೇಕು, ದೊಡ್ಡ ಅಳತೆಯಲ್ಲಿ, ಕನ್ನಡದಲ್ಲಿ, ಮರಾಠಿ ಓದುವ ಓಣಿಗಳಲ್ಲಿ ಮರಾಠಿಯಲ್ಲೂ.

ಊರಿನವರೆಲ್ಲ ಒಂದೇ ಮನಸ್ಸಿನವರೆಂದು ತಿಳಿಯುವುದು ತಪ್ಪು. ಗೆರೆಯೊಳಗೆ ಬಿದ್ದರೆ ಪ್ಲಾಟಿನ ಬೆಲೆ ಇಳಿಯುತ್ತದೆಂದು ಮಾಲೀಕ ಹೆದರುತ್ತಾನೆ. ತಗ್ಗಿನ ಬಾಡಿಗೆ ಮನೆಯಲ್ಲಿರುವವಳಿಗೆ ಆ ಬೆಲೆಯ ಚಿಂತೆ ಇಲ್ಲ. ಮಳೆಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಕಾಳಜಿ ಕೇಂದ್ರಕ್ಕೆ ಹೋಗುವವಳು ಅವಳೇ. ಸಭೆಗೆ ಹೆಚ್ಚಾಗಿ ಬರುವವನು ಮಾಲೀಕ. ಅವಳ ಮಾತು ಬರುವಂತೆ ಸಭೆಯ ಹೊತ್ತು, ಜಾಗ ಎರಡನ್ನೂ ಆರಿಸಬೇಕು. ಈಗಾಗಲೇ ನೆಲೆಸಿರುವ ಬಡವರಿಗೆ ವಲಯೀಕರಣ ಒಕ್ಕಲೆಬ್ಬಿಸುವ ನೆಪವಾಗಲೂಕೂಡದು. ಹೊಸ ಕಟ್ಟಡಗಳಿಗೆ ಕಟ್ಟುನಿಟ್ಟು, ಹಳೆಯ ಮನೆಗಳಿಗೆ ಎತ್ತರಿಸಲು ನೆರವು ಮತ್ತು ಸಕಾಲಕ್ಕೆ ಮುನ್ಸೂಚನೆ, ಎರಡನ್ನೂ ನಿಯಮದಲ್ಲೇ ಬರೆಯಬೇಕು.

ಕೈಯಲ್ಲಿರುವ ಒಂದು ಸಂಪತ್ತನ್ನು ನಾವು ಬಳಸುತ್ತಿಲ್ಲ ಎನಿಸುತ್ತದೆ. 2019ರ ಪ್ರವಾಹದ ನಂತರ ಹಾನಿಯಾದ ಮನೆಗಳನ್ನು ಹಾನಿಯ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಿ ಪರಿಹಾರ ಕೊಟ್ಟರು. ಅದಕ್ಕಾಗಿ ಮನೆಮನೆಯ ಪಟ್ಟಿಗಳು ತಯಾರಾದವು. ಅವು ಪರಿಹಾರದ ಕಡತಗಳಷ್ಟೇ ಅಲ್ಲ, ನೀರು ಎಲ್ಲಿಗೆ ಬಂತೆಂಬುದಕ್ಕೆ ಸರ್ಕಾರವೇ ಬರೆದ ಸಾಕ್ಷಿ. ಪಟ್ಟಿಯಲ್ಲಿರುವ ಮನೆಗಳನ್ನು ನಕ್ಷೆಯ ಮೇಲೆ ಚುಕ್ಕಿಗಳಾಗಿ ಇಟ್ಟರೆ, ಲೆಕ್ಕದ ಗೆರೆಯನ್ನು ತಾಳೆ ನೋಡಲು ಇನ್ನೊಂದು ಗೆರೆ ಸಿಗುತ್ತದೆ.

ಮುಂದಿನ ಸಲ ಕರಡು ಪ್ರಕಟವಾದಾಗ ಕೊಡುವ ಆಕ್ಷೇಪಣೆಯಲ್ಲಿ ಸಿಟ್ಟಿಗಿಂತ ವಿವರ ಹೆಚ್ಚಿರಲಿ. ಸರ್ವೆ ನಂಬರ್ ಅಥವಾ ಮನೆಯ ಸಂಖ್ಯೆ, ನೀರು ಬಂದ ದಿನಾಂಕ, ಹೊಸ್ತಿಲಿನಿಂದ ಎಷ್ಟು ಅಡಿ ಏರಿತು, ಯಾವ ದಿಕ್ಕಿನಿಂದ ಬಂತು, ಎಷ್ಟು ದಿನ ನಿಂತಿತು, ಗೋಡೆಯ ಮೇಲಿನ ಗುರುತಿನ ಫೋಟೊ. ಓಣಿಯ ಹತ್ತು ಮನೆಯವರು ಒಟ್ಟಾಗಿ ಸಹಿ ಮಾಡಿ ಕೊಟ್ಟು, ಸ್ವೀಕೃತಿಯನ್ನು ಪಡೆದುಕೊಳ್ಳಬೇಕು.