ಕುದಿಸಿದರೂ ಹೋಗದ ನೈಟ್ರೇಟ್ ಮತ್ತು ಮಲಪ್ರಭೆಯ ದಂಡೆ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕಾಡು ದಾಟಿ ಬಯಲಿಗಿಳಿದ ಮೇಲೆ, ಸವದತ್ತಿಯ ನವಿಲುತೀರ್ಥ ಜಲಾಶಯ ಸೇರುವ ಮೊದಲು, ಹಲವೆಡೆ ಕಬ್ಬಿನ ಸಾಲುಗಳು ಹೊಳೆಯ ಅಂಚಿಗೇ ಬಂದು ನಿಂತಿವೆ. ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೂ ಈ ಜಲಾಶಯದ ನೀರೇ ಹೋಗುತ್ತದೆ. ದಂಡೆಯ ಗಿಡಗಂಟಿ ಕಡಿದರೆ ಹೊಳೆ ಸ್ವಚ್ಛವಾಗುತ್ತದೆ, ಉಳಿದ ಕೊಳೆಯನ್ನು ಶುದ್ಧೀಕರಣ ಘಟಕ ತೆಗೆಯುತ್ತದೆ, ಅದೂ ಸಾಲದಿದ್ದರೆ ಮನೆಯಲ್ಲಿ ಕುದಿಸಿದರಾಯಿತು ಎಂದು ನಂಬಿದವರು ಬಹಳ. ಹೊಲಕ್ಕೆ ಹಾಕಿದ ಗೊಬ್ಬರದಿಂದ ನೀರು ಸೇರುವ ಸಾರಜನಕದ ಸಂಯುಕ್ತವಾದ ನೈಟ್ರೇಟಿನ ಮಟ್ಟಿಗೆ ಈ ಮೂರೂ ಸುಳ್ಳು.

ಪಟಿಕ, ಮರಳು ಸೋಸುಕ, ಕ್ಲೋರಿನ್ ಯಾವುದೂ ನೈಟ್ರೇಟನ್ನು ತೆಗೆಯುವುದಿಲ್ಲ. ಕುದಿಸಿದಾಗ ನೀರು ಆವಿಯಾಗಿ ಅದರ ಸಾಂದ್ರತೆ ಇನ್ನಷ್ಟು ಏರುತ್ತದೆ. ಅಮೆರಿಕದ ಅಯೋವಾದಲ್ಲಿ ಬಾವಿನೀರು ಬೆರೆಸಿದ ಹಾಲು ಕುಡಿದ ಹಸುಗೂಸುಗಳು ನೀಲಿಗಟ್ಟಿದ್ದಕ್ಕೆ ನೈಟ್ರೇಟ್ ಕಾರಣವೆಂದು ವೈದ್ಯ ಹಂಟರ್ ಕಾಮ್ಲಿ 1945ರಲ್ಲೇ ವರದಿ ಮಾಡಿದ್ದರು. ನಮ್ಮ ದೇಶದ ಕುಡಿಯುವ ನೀರಿನ ಮಾನಕದಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ.

ಯೂರಿಯಾ ಮಣ್ಣಿಗೆ ಬಿದ್ದ ಮೇಲೆ ಮೊದಲು ಅಮೋನಿಯಂ ಆಗುತ್ತದೆ, ಆಮೇಲೆ ನೈಟ್ರೇಟ್ ಆಗುತ್ತದೆ. ಎರೆಮಣ್ಣಿನ ಜೇಡಿಕಣಗಳ ಮೇಲೆ ಋಣ ವಿದ್ಯುದಂಶ ಇರುವುದರಿಂದ ಧನ ವಿದ್ಯುದಂಶದ ಅಮೋನಿಯಂ ಅಲ್ಲಿ ಅಂಟಿಕೊಳ್ಳುತ್ತದೆ; ನೈಟ್ರೇಟಿಗೂ ಋಣ ಅಂಶವೇ ಇರುವುದರಿಂದ ಅದಕ್ಕೆ ಹಿಡಿತ ಸಿಗದೆ ನೀರಿನೊಡನೆ ಕೆಳಗಿಳಿದು ಹೊಳೆಯ ಕಡೆಗೆ ಜಿನುಗುತ್ತದೆ. ಅದನ್ನು ತಡೆಯಬಲ್ಲ ಕೊನೆಯ ಜಾಗ ದಂಡೆ. ಅಲ್ಲಿನ ಮಣ್ಣು ಸದಾ ತೇವವಾಗಿರುವುದರಿಂದ ಗಾಳಿ ಆಡುವುದಿಲ್ಲ. ಬೇರುಗಳೂ ಕೊಳೆತ ಎಲೆಗಳೂ ಇಂಗಾಲ ಒದಗಿಸುತ್ತವೆ. ಆಮ್ಲಜನಕ ಸಿಗದ ಬ್ಯಾಕ್ಟೀರಿಯಾಗಳು ಈ ಇಂಗಾಲವನ್ನು ಉಣ್ಣುತ್ತ, ಉಸಿರಾಟಕ್ಕೆ ನೈಟ್ರೇಟನ್ನೇ ಬಳಸಿ, ಕೊನೆಗೆ ಅದನ್ನು ಬಹುಪಾಲು ಸಾರಜನಕ ಅನಿಲವಾಗಿ ಗಾಳಿಗೆ ಬಿಡುತ್ತವೆ. ನೈಟ್ರೇಟ್ ದಂಡೆಯಲ್ಲಿ ಬರಿದೆ ಸಂಗ್ರಹವಾಗದೆ ನೀರನ್ನೇ ಬಿಟ್ಟು ಹೋಗುತ್ತದೆ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವುದು ಇದೇ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಗೋವಿನಜೋಳದ ಹೊಲಕ್ಕೂ ತೊರೆಗೂ ನಡುವೆ ಇದ್ದ ಕಾಡಿನ ಪಟ್ಟಿ ಹೊಲದಿಂದ ಬಂದ ಸಾರಜನಕದ ಬಹುಭಾಗವನ್ನು ತಡೆದದ್ದನ್ನು ಪೀಟರ್‌ಜಾನ್ ಮತ್ತು ಕೊರೆಲ್ ಎಂಬ ವಿಜ್ಞಾನಿಗಳು 1984ರಲ್ಲಿ ಅಳೆದು ತೋರಿಸಿದರು.

ಆದ್ದರಿಂದ ವನಮಹೋತ್ಸವದ ದಿನ ಗುಂಡಿ ತೋಡಿ ಒಂದೇ ಸಾಲು ಸಸಿ ನೆಟ್ಟರೆ ಸಾಲದು. ಹೊಲದ ಕಡೆಗೆ ಲಾವಂಚದಂಥ ದಟ್ಟ ಹುಲ್ಲು ಇರಬೇಕು, ಏಕೆಂದರೆ ಗೊಬ್ಬರದ ಇನ್ನೊಂದು ಅಂಶವಾದ ರಂಜಕವು ಮಣ್ಣಿನ ಕಣಕ್ಕೆ ಅಂಟಿ ಮಳೆನೀರಿನೊಡನೆ ಹರಿದು ಬರುತ್ತದೆ, ಅದನ್ನು ಹುಲ್ಲಿನ ಬುಡ ತಡೆಯುತ್ತದೆ. ನಡುವೆ ಲಕ್ಕಿ ಮತ್ತು ಹೊಂಗೆ, ನೀರಿನ ಅಂಚಿಗೆ ಹೊಳೆಮತ್ತಿ ಮತ್ತು ಅತ್ತಿ ಬೆಳೆದರೆ ಬೇರುಗಳು ದಂಡೆಯ ಕೊರೆತವನ್ನೂ ತಗ್ಗಿಸುತ್ತವೆ.

ಇಷ್ಟೆಲ್ಲ ಮಾಡಿದರೂ ಒಂದು ತೊಡಕು ಉಳಿಯುತ್ತದೆ. ಸವಳು-ಜವಳು ಭೂಮಿಯ ನೀರು ತೆಗೆಯಲು ತೋಡಿದ ಬಸಿಗಾಲುವೆ ನೇರವಾಗಿ ಹೊಳೆಗೆ ಬಿದ್ದರೆ, ನೈಟ್ರೇಟ್ ಬೇರುಗಳ ಮಣ್ಣನ್ನು ಮುಟ್ಟದೆಯೇ ಹೋಗುತ್ತದೆ. ಅಂಥ ಕಾಲುವೆಯ ಬಾಯನ್ನು ಹೊಳೆಗಿಂತ ಮೊದಲೇ ಜೊಂಡು ಬೆಳೆದ ಆಳವಿಲ್ಲದ ಹೊಂಡಕ್ಕೆ ತಿರುಗಿಸಿ, ನೀರು ಅಲ್ಲಿ ಕೆಲವು ದಿನ ನಿಂತು ಮುಂದೆ ಸಾಗುವಂತೆ ಮಾಡಬೇಕು.