ಮೂರು ಫೈಲು, ಒಂದೇ ಹೊಟ್ಟೆ

ನಾಲ್ಕು ತಿಂಗಳ ಹಿಂದೆ ಒಬ್ಬರು ಮೂರು ಫೈಲು ಹಿಡಿದು ನನ್ನ ಕ್ಲಿನಿಕ್‌ಗೆ ಬಂದರು. ಕೆಂಪು ಫೈಲಿನಲ್ಲಿ ಹೃದಯದ ಕಾಗದಗಳು, ಇಸಿಜಿ, ಎಕೋ. ನೀಲಿಯದರಲ್ಲಿ ಶುಗರ್. ಹೊಸದಾಗಿ ಶುರುವಾದ ಹಸಿರು ಫೈಲು ಕಿಡ್ನಿಯದು. ವಯಸ್ಸು 52. ದಾವಣಗೆರೆಯಲ್ಲಿ ದಲ್ಲಾಳಿ ಅಂಗಡಿ. ಬೆಳಿಗ್ಗೆ ಗಾದಿ ಮೇಲೆ ಕೂತರೆ ಏಳುವುದು ರಾತ್ರಿಯೇ. ಮೂರು ಕಡೆ ಮೂರು ಡಾಕ್ಟರು, ದಿನಕ್ಕೆ ಒಂಬತ್ತು ಮಾತ್ರೆ. ಹತ್ತು ವರ್ಷದ ಕಾಗದಗಳನ್ನೆಲ್ಲ ತಿರುವಿದೆ. ಸೊಂಟದ ಅಳತೆಯನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ನನ್ನ ಡ್ರಾಯರಿನಲ್ಲಿ ದರ್ಜಿಯವರ ಟೇಪು ಇರುತ್ತದೆ. ತೆಗೆದು ಅಳೆದೆ. 108 ಸೆಂಟಿಮೀಟರ್.

"ಇದು ನಮ್ಮ ಮನೆತನದ ಹೊಟ್ಟೆ ಬಿಡ್ರಿ ಸರ್. ನಮ್ಮಪ್ಪಂದೂ ಹಿಂಗೇ ಇತ್ತು" ಅಂದರು.

ಅಪ್ಪ ಎಷ್ಟು ವರ್ಷ ಬದುಕಿದ್ದರು ಅಂತ ಕೇಳಿದೆ. "ಐವತ್ತೆಂಟು. ಹಾರ್ಟ್ ಅಟ್ಯಾಕ್" ಅಂದವರು ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ.

ಮೂರು ಫೈಲಿನ ಕಾಯಿಲೆಗೂ ಬೇರು ಒಂದೇ. ನಮಗೆ ವೈದ್ಯರಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಹೃದಯ ಒಬ್ಬರಿಗೆ, ಕಿಡ್ನಿ ಇನ್ನೊಬ್ಬರಿಗೆ, ಶುಗರ್ ಮತ್ತೊಬ್ಬರಿಗೆ ಅಂತ ಹಂಚಿಕೊಂಡು ಬಿಟ್ಟಿದ್ದೇವೆ. 2023ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಈ ಮೂರನ್ನೂ ಸೇರಿಸಿ ಒಂದೇ ಹೆಸರು ಕೊಟ್ಟಿತು: ಕಾರ್ಡಿಯೋವ್ಯಾಸ್ಕುಲರ್ ಕಿಡ್ನಿ ಮೆಟಬಾಲಿಕ್ ಸಿಂಡ್ರೋಮ್. ಹೆಸರು ಬಾಯಿ ತುಂಬ ಇದೆ, ಮರೆತರೂ ಪರವಾಗಿಲ್ಲ. ಅದರ ಹಂತಗಳನ್ನು ಮಾತ್ರ ಗಮನಿಸಿ. ಸೊನ್ನೆಯಿಂದ ನಾಲ್ಕರವರೆಗೆ ಐದು ಹಂತ. ನಾಲ್ಕನೆಯದು ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಆದವರದು. ಬಿಪಿ, ಶುಗರ್, ಕೊಬ್ಬಿನಂಶ ಏರಿದವರು ಎರಡನೆಯದರಲ್ಲಿ. ಒಂದನೆಯದರಲ್ಲಿ ಇರುವವರು ಯಾರು? ಹೊಟ್ಟೆ ಬಂದವರು. ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲ, ಸುಸ್ತಿಲ್ಲ, ನೋವಿಲ್ಲ. ನಮ್ಮ ಕಡೆ ಇಂಥವರನ್ನು ನೋಡಿ "ಮೈಕೈ ತುಂಬಿಕೊಂಡಿದ್ದಾರೆ, ಚೆನ್ನಾಗಿದ್ದಾರೆ" ಅನ್ನುತ್ತೇವೆ.

ನಮ್ಮ ಜನಕ್ಕೆ ಹೊಟ್ಟೆ ಜಾಸ್ತಿ ಕಾಟ ಕೊಡುವುದಕ್ಕೆ ಕಾರಣ ಇದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿಕೊಂಡರು. ಇಬ್ಬರ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) ಒಂದೇ, 22.3. ತಕ್ಕಡಿಯ ಲೆಕ್ಕದಲ್ಲಿ ಇಬ್ಬರೂ ತೆಳ್ಳಗೆ. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಪರ್ಸೆಂಟ್, ಯಾಜ್ಞಿಕ್ ಮೈಯಲ್ಲಿ 21.2. ನಮ್ಮ ಕೊಬ್ಬು ಚರ್ಮದ ಕೆಳಗೆ ಹರಡಿಕೊಳ್ಳುವುದು ಕಡಿಮೆ. ಹೊಟ್ಟೆಯೊಳಗೆ, ಲಿವರ್ ಸುತ್ತಮುತ್ತ ಜಾಗ ಹಿಡಿಯುತ್ತದೆ. ಮಾಂಸಖಂಡವೂ ಕಡಿಮೆ.

ಇದರ ಒಂದು ಎಳೆ ನಮ್ಮ ಮೈಸೂರಿನಲ್ಲೇ ಸಿಕ್ಕಿದೆ. ಅಲ್ಲಿ ಎಲ್ಲರೂ ಮಿಷನ್ ಆಸ್ಪತ್ರೆ ಅಂತ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ತೂಕವನ್ನು ದಫ್ತರದಲ್ಲಿ ಬರೆದಿಡುತ್ತಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಸಂಶೋಧಕರು ಹುಡುಕಿ ಪರೀಕ್ಷೆ ಮಾಡಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ 100ಕ್ಕೆ 11 ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕಿಲೋ ಮತ್ತು ಮೇಲಿದ್ದವರಲ್ಲಿ 3 ಜನಕ್ಕೆ. ಅಂದರೆ ತಾಯಿಯ ಹೊಟ್ಟೆಯಲ್ಲಿದ್ದಾಗ ಕಮ್ಮಿ ಊಟಕ್ಕೆ ಹೊಂದಿಕೊಂಡ ಮೈಗೆ ಆಮೇಲೆ ಸಿಗುವ ಜಾಸ್ತಿ ಊಟವನ್ನು ತಾಳಿಕೊಳ್ಳುವುದು ಕಷ್ಟ ಇರಬಹುದು. ನನ್ನ ದಲ್ಲಾಳಿಗಳು ಹುಟ್ಟಿದಾಗ ಎಷ್ಟಿದ್ದರೋ ಯಾರಿಗೂ ನೆನಪಿಲ್ಲ. "ಬಾಳ ಸಣ್ಣ ಕೂಸಾಗಿದ್ನಂತೆ" ಅಂತ ಅವರ ತಾಯಿ ಹೇಳುತ್ತಿದ್ದರಂತೆ.

ಹಾಗಾಗಿಯೇ ನಮಗೆ ಮಿತಿಗಳೂ ಬಿಗಿ. ಗಂಡಸರಿಗೆ ಸೊಂಟ 90 ಸೆಂಟಿಮೀಟರ್, ಹೆಂಗಸರಿಗೆ 80. ಬಿಎಂಐ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ಬಿಎಂಐ ಲೆಕ್ಕದ ಬೊಜ್ಜು 28.6 ಪರ್ಸೆಂಟ್ ಜನರಲ್ಲಿತ್ತು. ಹೊಟ್ಟೆಯ ಬೊಜ್ಜು 39.5 ಪರ್ಸೆಂಟ್ ಜನರಲ್ಲಿ. ತಕ್ಕಡಿಯಿಂದ ತಪ್ಪಿಸಿಕೊಂಡವರು ಟೇಪಿಗೆ ಸಿಕ್ಕಿಬಿದ್ದರು.

ಅಳೆಯುವಾಗ ಮೋಸ ಮಾಡಿಕೊಳ್ಳಬೇಡಿ. "ಇಪ್ಪತ್ತು ವರ್ಷದಿಂದ ಪ್ಯಾಂಟ್ ಸೈಜು 36, ಬದಲಾಗೇ ಇಲ್ಲ" ಅನ್ನುವವರು ವಾರಕ್ಕೆ ಇಬ್ಬರಾದರೂ ಸಿಗುತ್ತಾರೆ. ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿರುತ್ತದೆ ಅಷ್ಟೇ. ಹೆಂಗಸರಿಗೆ ನೈಟಿ, ಸೀರೆ ಬಂದು ಸುಳಿವೇ ಕೊಡುವುದಿಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಇಡಿ. ಉಸಿರು ಸಹಜವಾಗಿ ಹೊರಗೆ ಬಿಟ್ಟಾಗ ಓದಿ. ಹೊಟ್ಟೆ ಒಳಗೆ ಎಳೆದುಕೊಳ್ಳಬಾರದು. ಟೇಪು ಇಲ್ಲದಿದ್ದರೆ ನಿಮ್ಮ ಎತ್ತರದಷ್ಟು ದಾರ ತೆಗೆದುಕೊಂಡು ಅರ್ಧಕ್ಕೆ ಮಡಚಿ. ಆ ಮಡಚಿದ ದಾರ ಹೊಟ್ಟೆಯನ್ನು ಆರಾಮಾಗಿ ಸುತ್ತಬೇಕು. ಉಡುದಾರ ಬಿಗಿಯಾಯ್ತು ಅಂತ ಸುಮ್ನೆ ಹೊಸದು ಕಟ್ಟಿಕೊಳ್ಳುತ್ತೇವಲ್ಲ, ಅದೇ ಮೊದಲ ರಿಪೋರ್ಟು. ಲಾಕ್‌ಡೌನ್ ಮುಗಿದಾಗ ನಾನೂ 94 ಇದ್ದೆ, ಹೇಳಿಬಿಡುತ್ತೇನೆ.

ಹೊಟ್ಟೆಗೂ ಹೃದಯಕ್ಕೂ ಸಂಬಂಧ ಇದೆ ಅಂದರೆ ಜನ ಒಪ್ಪುತ್ತಾರೆ. ಶುಗರ್ ಅಂದರೂ ಒಪ್ಪುತ್ತಾರೆ. ಕಿಡ್ನಿ ಅಂದರೆ "ನಾನು ಕುಡಿಯಲ್ವಲ್ಲ ಸರ್" ಅನ್ನುತ್ತಾರೆ.

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸಣ್ಣ ಜರಡಿಗಳಿವೆ. ಎರಡೂ ಸೇರಿ ದಿನಕ್ಕೆ 180 ಲೀಟರಿನಷ್ಟು ಸೋಸುತ್ತವೆ, ಬಹುಪಾಲನ್ನು ಮತ್ತೆ ರಕ್ತಕ್ಕೆ ಕಳಿಸುತ್ತವೆ. ಮೈ ದೊಡ್ಡದಾದರೂ ಜರಡಿಗಳ ಸಂಖ್ಯೆ ಹೆಚ್ಚುವುದಿಲ್ಲ. ಇರುವವೇ ಜಾಸ್ತಿ ದುಡಿಯಬೇಕು. ಜೊತೆಗೆ ಒಳಗಿನ ಕೊಬ್ಬು ಕಿಡ್ನಿಯನ್ನು ಒತ್ತುತ್ತದೆ, ಉಪ್ಪು ಹೊರಗೆ ಹೋಗದೆ ಉಳಿಯುತ್ತದೆ, ಬಿಪಿ ಏರುತ್ತದೆ. ಏರಿದ ಬಿಪಿ ಜರಡಿಯನ್ನು ಇನ್ನಷ್ಟು ಒತ್ತುತ್ತದೆ. ಹಿಟ್ಟನ್ನು ಜೋರಾಗಿ ಒತ್ತಿ ಒತ್ತಿ ಜರಡಿ ಹಿಡಿದರೆ ಕಣ್ಣು ಅಗಲವಾಗುತ್ತವಲ್ಲ, ಹಾಗೇ ಆಗುತ್ತದೆ. ಆಗ ರಕ್ತದಲ್ಲಿ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಸೋರುತ್ತದೆ. ಆಲ್ಬುಮಿನ್ ಸೋರುವವರಲ್ಲಿ ಹಾರ್ಟ್ ಅಟ್ಯಾಕ್ ಕೂಡ ಜಾಸ್ತಿ. ಕಿಡ್ನಿಯಲ್ಲಿ ಸೋರಿದರೆ ಬೇರೆ ರಕ್ತನಾಳಗಳೂ ಕೆಡುತ್ತಿವೆ ಅಂತಲೇ ತಿಳಿಯಬೇಕು.

ಇದನ್ನು ಹಿಡಿಯುವ ಪರೀಕ್ಷೆ ಮೂತ್ರದ ಎಸಿಆರ್, ಅಂದರೆ ಮೂತ್ರದಲ್ಲಿ ಕ್ರಿಯಾಟಿನಿನ್‌ಗೆ ಹೋಲಿಸಿದರೆ ಆಲ್ಬುಮಿನ್ ಎಷ್ಟು ಅನ್ನುವ ಲೆಕ್ಕ. ಲೋಟದಷ್ಟೂ ಬೇಡ, ಸ್ವಲ್ಪ ಮೂತ್ರ ಸಾಕು. 30ರ ಒಳಗಿರಬೇಕು. ನಮ್ಮಲ್ಲಿ ಬರೆಯುವುದು ಮಾತ್ರ ರಕ್ತದ ಕ್ರಿಯಾಟಿನಿನ್ ಪರೀಕ್ಷೆ. ಅದು ನಾರ್ಮಲ್ ಬಂದರೆ "ಕಿಡ್ನಿ ಚೆನ್ನಾಗಿದೆ" ಅಂತ ಕಳಿಸಿಬಿಡುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಕಳಿಸಿದ್ದೇನೆ. ಕ್ರಿಯಾಟಿನಿನ್ ಗೆರೆ ದಾಟುವಷ್ಟರಲ್ಲಿ ಕಿಡ್ನಿಯ ಅರ್ಧ ಶಕ್ತಿ ಹೋಗಿರಬಹುದು. ಹೊಟ್ಟೆಯ ಜೊತೆ ಬಿಪಿ ಅಥವಾ ಶುಗರ್ ಇದ್ದವರು ವರ್ಷಕ್ಕೊಮ್ಮೆ ಎರಡನ್ನೂ ಮಾಡಿಸಿ. ಜ್ವರ, ಉರಿಮೂತ್ರ, ಮುಟ್ಟು ಇದ್ದಾಗ ಎಸಿಆರ್ ಬೇಡ, ಸುಳ್ಳು ಲೆಕ್ಕ ಬರುತ್ತದೆ. ಒಂದು ಸಲ ಜಾಸ್ತಿ ಬಂತು ಅಂತ ಗಾಬರಿಯಾಗದೆ ಮತ್ತೊಮ್ಮೆ ಮಾಡಿಸಿ. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್‌ನಂಥ ಮಾತ್ರೆಗಳು ಈ ಸೋರಿಕೆಯನ್ನೂ ತಗ್ಗಿಸುತ್ತವೆ. ಅದಕ್ಕೇ ಬೇಗ ಗೊತ್ತಾಗಬೇಕು.

ಇನ್ನು ಮೊಣಕಾಲಿನ ವಿಷಯ. ಇದನ್ನು ಹೇಳದೆ ಈ ಅಂಕಣ ಮುಗಿಸಲಾರೆ. ತೂಕ ಹೆಚ್ಚಾದವರಿಗೆ ಮೊಣಕಾಲು ನೋವು. ನೋವು ಅಂತ ನಡೆಯುವುದಿಲ್ಲ. ನಡೆಯದೆ ತೂಕ ಇನ್ನೂ ಏರುತ್ತದೆ. ಮದುವೆ ಮನೆ, ಜಾತ್ರೆ ಬಂದಾಗ ಮೆಡಿಕಲ್ ಶಾಪಿನಲ್ಲಿ "ಆ ನೋವಿನ ಮಾತ್ರೆ ಕೊಡಪ್ಪ" ಅಂತ ನಾಲ್ಕು ಮಾತ್ರೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ಎಲ್ಲ ಒಂದೇ ಕುಲ. ಅವು ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡುತ್ತವೆ, ಉಪ್ಪು ನೀರು ಹಿಡಿದಿಡುತ್ತವೆ, ಬಿಪಿ ಏರಿಸುತ್ತವೆ. ಬಿಪಿ ಮಾತ್ರೆ ಮತ್ತು ಮೂತ್ರ ಹೋಗಿಸುವ ಮಾತ್ರೆ ಆಗಲೇ ನುಂಗುತ್ತಿರುವವರು ಇದನ್ನೂ ಸೇರಿಸಿದರೆ ಕೆಲವೇ ದಿನದಲ್ಲಿ ಕಿಡ್ನಿ ಮುಷ್ಕರ ಹೂಡಬಹುದು. ನಮ್ಮ ದಲ್ಲಾಳಿಗಳ ಮೂರೂ ಫೈಲಿನಲ್ಲಿ ಈ ಮಾತ್ರೆ ಇರಲಿಲ್ಲ. ಜೇಬಿನಲ್ಲಿತ್ತು. ಆರು ವರ್ಷದಿಂದ ವಾರಕ್ಕೆ ಮೂರೋ ನಾಲ್ಕೋ. "ಅದು ಕಾಲಿಂದಲ್ವಾ ಸರ್, ಅದನ್ನ ಯಾಕೆ ಹೇಳಬೇಕು ಅಂತ..." ಅಂದರು. ಮೊದಲು ನಿಲ್ಲಿಸಿದ್ದೇ ಅದನ್ನು. ಒಂದು ಕಿಲೋ ಇಳಿಸಿದರೆ ಇಡುವ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು ಅಳೆದು ನೋಡಿದ್ದಾರೆ. ಯಾವ ಮಾತ್ರೆಯೂ ಇಷ್ಟು ಮಾಡಲಾರದು.

ಊಟದ ಬಗ್ಗೆ ನಾನು ಅಚ್ಚು ಹಾಕಿದ ಚಾರ್ಟು ಕೊಡುವುದಿಲ್ಲ. ಓಟ್ಸು, ಬ್ರಾಕೊಲಿ ಬರೆದ ಚಾರ್ಟು ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡೇ ಹಳದಿಯಾಗುತ್ತದೆ. ಎರಡು ಪ್ರಶ್ನೆ ಕೇಳುತ್ತೇನೆ. ತಿಂಗಳಿಗೆ ಎಣ್ಣೆ ಎಷ್ಟು ಪ್ಯಾಕೆಟ್? ಮನೆಯಲ್ಲಿ ಉಣ್ಣುವವರು ಎಷ್ಟು ಜನ? ಇವರದು ನಾಲ್ಕು ಜನಕ್ಕೆ ಐದು ಲೀಟರ್. ಒಂದು ಲೀಟರ್ ಎಣ್ಣೆ ಅಂದರೆ 8,000 ಕ್ಯಾಲೊರಿಗೂ ಜಾಸ್ತಿ. ಎರಡೂವರೆ ಲೀಟರಿಗೆ ಇಳಿಸಿ, ಉಳಿದದ್ದು ಆಮೇಲೆ ಮಾತಾಡೋಣ ಅಂದೆ. ಅವರ ಹೆಂಡತಿ ಹೇಳಿದರು: ಮನೆಯದನ್ನು ಇಳಿಸಬಹುದು, ಸಂಜೆ ಅಂಗಡಿಗೆ ತರಿಸಿಕೊಳ್ಳುವ ಮಂಡಕ್ಕಿ ಮಿರ್ಚಿಯನ್ನು ಯಾರು ಇಳಿಸುವುದು? ದಾವಣಗೆರೆಯವನಾಗಿ ಮಂಡಕ್ಕಿ ಬಿಡಿ ಅಂತ ನನ್ನ ಬಾಯಿಂದ ಬರುವುದಿಲ್ಲ. ಮಂಡಕ್ಕಿ ಇರಲಿ, ಮಿರ್ಚಿ ಭಾನುವಾರಕ್ಕೆ ಇರಲಿ ಅಂತ ರಾಜಿಯಾಯಿತು.

ಮುದ್ದೆ ಬಗ್ಗೆ ಒಂದು ಮಾತು. "ಶುಗರ್ ಬಂದ ಮೇಲೆ ಅನ್ನ ಬಿಟ್ಟೆ, ಬರೀ ಮುದ್ದೆ" ಅನ್ನುತ್ತಾರೆ. ಎಷ್ಟು ಅಂತ ಕೇಳಿದರೆ ಎರಡು, ದೊಡ್ಡವು. 100 ಗ್ರಾಂ ರಾಗಿ ಹಿಟ್ಟಿನಲ್ಲೂ 320 ಕ್ಯಾಲೊರಿ ಇದೆ. ರಾಗಿ ಒಳ್ಳೆಯದೇ, ಆದರೆ ಗಾತ್ರವನ್ನು ಮಾಫಿ ಮಾಡುವಷ್ಟು ಒಳ್ಳೆಯದಲ್ಲ. ಮುದ್ದೆ ಚಿಕ್ಕದಾಗಿ, ಪಕ್ಕದಲ್ಲಿ ಸೊಪ್ಪು, ಕಾಳು ದೊಡ್ಡದಾಗಲಿ. ಟೀಗೆ ಎರಡು ಚಮಚದ ಲೆಕ್ಕದಲ್ಲಿ ಆರು ಟೀ ಆದರೆ 60 ಗ್ರಾಂ ಸಕ್ಕರೆ. ಉಪ್ಪಿನಕಾಯಿ, ಹಪ್ಪಳದ ಉಪ್ಪನ್ನೂ ಸೇರಿಸಿ ದಿನಕ್ಕೆ ಒಂದು ಟೀ ಚಮಚ ಮೀರಬಾರದು. ತೂಕ ಇಳಿಸುವ ಪುಡಿ, ಕಷಾಯಗಳ ಬಗ್ಗೆ ಕೇಳಲೇಬೇಡಿ.

ಎಷ್ಟು ಇಳಿಸಬೇಕು? ಇರುವ ತೂಕದ 5 ಪರ್ಸೆಂಟ್ ಇಳಿದರೂ ಬಿಪಿ, ಶುಗರ್, ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು ಕಡಿಮೆಯಾಗಲು ಶುರು. 90 ಕಿಲೋ ಇದ್ದವರು ನಾಲ್ಕೂವರೆ ಕಿಲೋ. ಅದೂ ಆಗಲಿಲ್ಲ ಅಂತ ಕೈಚೆಲ್ಲಬೇಡಿ. ಚೆನ್ನೈನವರು 531 ಜನರ ಮೇಲೆ ಮಾಡಿದ ಅಧ್ಯಯನ 2006ರಲ್ಲಿ ಬಂತು. ಎಲ್ಲರಿಗೂ ಶುಗರ್ ಗೆರೆಯ ಹತ್ತಿರ ಇತ್ತು. ನಡಿಗೆ, ಊಟದ ಬದಲಾವಣೆಯಿಂದ ಶುಗರ್ ಬರುವ ಸಾಧ್ಯತೆ 28.5 ಪರ್ಸೆಂಟ್ ಇಳಿಯಿತು. ತೂಕ ಮಾತ್ರ ಹೆಚ್ಚೇನೂ ಇಳಿದಿರಲಿಲ್ಲ. ಬಾತ್‌ರೂಮಿನ ತಕ್ಕಡಿ ನೋಡಿ ಅಳುವವರಿಗೆ ಇದನ್ನು ಯಾವಾಗಲೂ ಹೇಳುತ್ತೇನೆ.

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಸೆಮಾಗ್ಲುಟೈಡ್ ಹಸಿವು ತಗ್ಗಿಸುತ್ತದೆ, ನಿಜ. ಹೃದಯದ ಕಾಯಿಲೆ ಇದ್ದ, ಶುಗರ್ ಇಲ್ಲದ 17,604 ದಪ್ಪ ಜನರ ಪ್ರಯೋಗದಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಕಾಯಿಲೆಯಿಂದಾದ ಸಾವು ಸೇರಿ 20 ಪರ್ಸೆಂಟ್ ಇಳಿದವು. ಶುಗರ್ ಜೊತೆ ಕಿಡ್ನಿ ಕೆಟ್ಟವರ ಮೇಲೆ ಮಾಡಿದ 2024ರ ಪ್ರಯೋಗದಲ್ಲೂ ಕಿಡ್ನಿಗೆ ಒಳ್ಳೆಯದಾಯಿತು. ಡಾಪಾಗ್ಲಿಫ್ಲೋಜಿನ್ ಮಾತ್ರೆಯ ಕಥೆಯೂ ಹೀಗೇ: ಶುಗರ್‌ಗೆ ಅಂತ ಬಂತು, ಹೃದಯಕ್ಕೂ ಕಿಡ್ನಿಗೂ ಆಯಿತು. ಒಂದೇ ಔಷಧ ಮೂರು ಕಡೆ ಕೆಲಸ ಮಾಡುವುದರಿಂದಲೇ ಮೂರೂ ಒಂದೇ ಸಂಸಾರ ಅನ್ನುವುದು ಗೊತ್ತಾಗುತ್ತದೆ. ಆದರೆ ಇಂಜೆಕ್ಷನ್ ನಿಲ್ಲಿಸಿದರೆ ವರ್ಷದೊಳಗೆ ಇಳಿದದ್ದರಲ್ಲಿ ಬಹುಪಾಲು ವಾಪಸ್ ಬರುತ್ತದೆ. ಮಾಂಸಖಂಡವೂ ಕರಗುತ್ತದೆ. ಮೇದೋಜೀರಕ ಗ್ರಂಥಿಗೆ ಹಿಂದೆ ತೊಂದರೆ ಆದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಜಿಮ್ ಗೆಳೆಯ ಹೇಳಿದ ಅಂತ ತೆಗೆದುಕೊಳ್ಳುವ ವಸ್ತು ಅಲ್ಲ ಇದು. ದಲ್ಲಾಳಿಗಳಿಗೆ ನಾನು ಬರೆದದ್ದು ಮಾತ್ರೆ ಮಾತ್ರ.

ಹೋದ ವಾರ ಅವರು ಮತ್ತೆ ಬಂದಿದ್ದರು. ತೂಕ ಬರೀ ಮೂರು ಕಿಲೋ ಇಳಿದಿದೆ, ಅದಕ್ಕೆ ಬೇಜಾರು. ಟೇಪು 103 ತೋರಿಸಿತು. 210 ಇದ್ದ ಎಸಿಆರ್ 120ಕ್ಕೆ ಬಂದಿದೆ. ಇನ್ನೂ ದಾರಿ ಇದೆ. ನಾನು ಟೇಪು ಸುತ್ತಿಡುತ್ತಿದ್ದೆ. "ನಂದೂ ಒಂದ್ಸಲ ನೋಡ್ರಿ ಸರ್" ಅಂದರು ಅವರ ಹೆಂಡತಿ. 94. ಬಿಪಿ 150 ಇತ್ತು, ನೋಡಿಸಿಕೊಂಡೇ ಇರಲಿಲ್ಲ. ಬರೆದುಕೊಡೋಣ ಅಂದರೆ ಅವರದು ಅಂತ ಫೈಲೇ ಇಲ್ಲ. ಗಂಡನ ಹಸಿರು ಫೈಲಿನ ಹಿಂದುಗಡೆ ಬರೆದೆ: ಸೊಂಟ 94, ಬಿಪಿ ಮತ್ತೆ ನೋಡುವುದು, ಎಸಿಆರ್ ಮಾಡಿಸುವುದು.